ನಲ್ಲಿ ಹಾಕಿದ ಡ್ರಮ್ಮುಗಳು: 1971ರ ಬನಗಾಂವ್ ಶಿಬಿರದಲ್ಲಿ ಓಆರ್‌ಎಸ್

1971ರ ಜೂನ್ ತಿಂಗಳ ಕೊನೆ. ಮಳೆಗಾಲ ಶುರುವಾಗಿತ್ತು. ಕಲ್ಕತ್ತಾದಿಂದ ಜೆಸ್ಸೋರ್ ರಸ್ತೆ ಹಿಡಿದು ಹೋದರೆ ಗಡಿಯ ಹತ್ತಿರ ಬನಗಾಂವ್ ಅನ್ನೋ ಊರು ಸಿಗುತ್ತದೆ. ಪೂರ್ವ ಪಾಕಿಸ್ತಾನದ (ಇಂದಿನ ಬಾಂಗ್ಲಾದೇಶ) ಯುದ್ಧದಿಂದ ತಪ್ಪಿಸಿಕೊಂಡು ನಿರಾಶ್ರಿತರು ಅಲ್ಲಿಗೆ ಬರುತ್ತಿದ್ದರು. ಊರಿನ ಸಣ್ಣ ಆಸ್ಪತ್ರೆಯ ಎರಡು ಕೋಣೆಗಳಲ್ಲಿ ಕಾಲರಾ ರೋಗಿಗಳು ತುಂಬಿಹೋಗಿದ್ದರು. ಮಂಚ ಸಾಲದೆ ಎಷ್ಟೋ ಜನ ನೆಲದ ಮೇಲೆ ಮಲಗಿದ್ದರು. ಒಬ್ಬರಿಗೆ ಡ್ರಿಪ್ ಹಾಕಬೇಕೆಂದರೆ ಅವರ ವಾಂತಿ, ಭೇದಿಯ ಮಧ್ಯೆಯೇ ಮಂಡಿಯೂರಿ ಕೂರಬೇಕಿತ್ತು.

ಕಲ್ಕತ್ತಾದಿಂದ ಅಲ್ಲಿಗೆ ಬಂದ ವೈದ್ಯರ ಹೆಸರು ದಿಲೀಪ್ ಮಹಾಲನಬಿಸ್. ಮಕ್ಕಳ ವೈದ್ಯರು. ಆಗ ವಯಸ್ಸು 36. ಅವರು ಹುಟ್ಟಿದ್ದು ಕಿಶೋರ್‌ಗಂಜ್‌ನಲ್ಲಿ. ಗಡಿಯ ಆಚೆ, ಆ ನಿರಾಶ್ರಿತರು ಬಿಟ್ಟು ಬಂದ ನೆಲದಲ್ಲೇ. ಬ್ರಿಟನ್‌ನಲ್ಲಿ ಕೆಲಸ ಮಾಡಿ ವಾಪಸ್ ಬಂದು, ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಕಲ್ಕತ್ತಾದಲ್ಲಿ ನಡೆಸುತ್ತಿದ್ದ ಸಂಶೋಧನಾ ಕೇಂದ್ರ ಸೇರಿದ್ದರು. ಬನಗಾಂವ್‌ಗೆ ಬಂದು ಎರಡು ದಿನ ಆಗುವಷ್ಟರಲ್ಲಿ ಅವರಿಗೆ ಒಂದು ವಿಷಯ ಖಚಿತವಾಯಿತು. ಹೀಗೇ ಮುಂದುವರಿದರೆ ಸೋಲು ಗ್ಯಾರಂಟಿ. ಸಲೈನ್ ಸಾಕಾಗುವಷ್ಟಿರಲಿಲ್ಲ. ತಂಡದಲ್ಲಿ ಡ್ರಿಪ್ ಹಾಕಲು ಬರುತ್ತಿದ್ದವರು ಇಬ್ಬರೇ.

ಯುದ್ಧದಿಂದ ಏನಾದರೂ ಒಳ್ಳೆಯದು ಹುಟ್ಟುತ್ತದೆಯೇ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ರಡಾರ್, ಜೆಟ್ ಎಂಜಿನ್, ಪೆನಿಸಿಲಿನ್ ಅಂತ ಪಟ್ಟಿ ಕೊಡುತ್ತಾರೆ. ಅವೆಲ್ಲ ಸರ್ಕಾರಗಳು ದುಡ್ಡು ಸುರಿದು ಮಾಡಿಸಿದ ಕೆಲಸಗಳು. ಬನಗಾಂವ್‌ನ ಕಥೆ ಬೇರೆ ಥರದ್ದು. ಇಲ್ಲಿ ದುಡ್ಡೂ ಇರಲಿಲ್ಲ, ಜನವೂ ಇರಲಿಲ್ಲ, ಸಮಯವಂತೂ ಇರಲೇ ಇಲ್ಲ. ಇದ್ದದ್ದು ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್. ಜೊತೆಗೆ ರೋಗಿಯ ಪಕ್ಕದಲ್ಲೇ ಕೂತಿದ್ದ ತಾಯಿ, ತಂಗಿ, ಗಂಡ.

ಕಾಲರಾ ಏನು ಮಾಡುತ್ತದೆ

ಪೂರ್ವ ಪಾಕಿಸ್ತಾನದಲ್ಲಿ 1971ರ ಮಾರ್ಚ್ 25ರ ರಾತ್ರಿ ಸೈನ್ಯದ ದಾಳಿ ಶುರುವಾಯಿತು. ಆ ವರ್ಷದ ಕೊನೆಯ ಹೊತ್ತಿಗೆ ಸುಮಾರು 1 ಕೋಟಿ ಜನ ಗಡಿ ದಾಟಿ ಭಾರತಕ್ಕೆ ಬಂದಿದ್ದರು. ಹೆಚ್ಚಿನವರು ನಿಂತದ್ದು ಪಶ್ಚಿಮ ಬಂಗಾಳದಲ್ಲಿ. ನಡೆದು ಸುಸ್ತಾದ, ಹಸಿದ ಜನ. ತಲೆ ಮೇಲೆ ಸರಿಯಾದ ಸೂರಿಲ್ಲ. ಕುಡಿಯುವ ನೀರು, ಶೌಚದ ನೀರು ಎರಡೂ ಒಂದಾಗಿಹೋದ ಜಾಗಗಳು. ಕಾಲರಾಕ್ಕೆ ಇನ್ನೇನು ಬೇಕು ಹೇಳಿ.

ಕಾಲರಾ ಬಂದವರು ಸಾಯುವುದು ನೀರು ಬತ್ತಿ. ಆ ರೋಗಾಣು ಬಿಡುವ ವಿಷ ಕರುಳನ್ನು ತೆರೆದಿಟ್ಟ ನಲ್ಲಿಯ ಹಾಗೆ ಮಾಡಿಬಿಡುತ್ತದೆ. ದೊಡ್ಡವರಲ್ಲಿ ಒಂದು ಗಂಟೆಗೆ ಒಂದು ಲೀಟರಿನಷ್ಟು ನೀರು ಹೋಗಿಬಿಡಬಹುದು. ಅಕ್ಕಿ ತೊಳೆದ ನೀರಿನಂಥ ಭೇದಿ. ಕಣ್ಣು ಗುಳಿ ಬೀಳುತ್ತದೆ, ಚರ್ಮ ಸುಕ್ಕಾಗುತ್ತದೆ, ನಾಡಿ ಸಿಗುವುದಿಲ್ಲ. ಬೆಳಿಗ್ಗೆ ಓಡಾಡಿಕೊಂಡಿದ್ದವರು ಸಂಜೆಗೆ ಇರುವುದಿಲ್ಲ. ನಮ್ಮ ಹಳ್ಳಿಗಳಲ್ಲೂ ಹಿರಿಯರು ವಾಂತಿಭೇದಿಯ ಹೆಸರೆತ್ತಲೂ ಹೆದರುತ್ತಿದ್ದರು. ಊರಿಗೆ ಮಾರಿ ಬಂದಳು ಅನ್ನುತ್ತಿದ್ದರು. ಆ ಹೆದರಿಕೆ ಸುಮ್ನೆ ಬಂದದ್ದಲ್ಲ.

ಹೋದ ನೀರನ್ನೂ ಉಪ್ಪನ್ನೂ ಹೋದಷ್ಟೇ ವೇಗದಲ್ಲಿ ವಾಪಸ್ ಕೊಟ್ಟರೆ ರೋಗಿ ಉಳಿಯುತ್ತಾರೆ. ವೈದ್ಯರಿಗೆ ಇದು ಗೊತ್ತಿತ್ತು. ಅದಕ್ಕೆ ಇದ್ದ ದಾರಿ ಡ್ರಿಪ್. ಆದರೆ ಒಬ್ಬ ರೋಗಿಗೇ ಬಾಟಲಿ ಮೇಲೆ ಬಾಟಲಿ ಬೇಕು. ಶುದ್ಧ ಸೂಜಿ ಬೇಕು. ಬತ್ತಿಹೋದ ಕೈಯಲ್ಲಿ ನರ ಹುಡುಕಲು ಪಳಗಿದವರು ಬೇಕು. ದಿನಕ್ಕೆ ನೂರಾರು ಜನ ಬಂದು ಬೀಳುವ ಜಾಗದಲ್ಲಿ ಇದೆಲ್ಲ ಎಲ್ಲಿಂದ ತರುವುದು?

ಗೊತ್ತಿದ್ದದ್ದು, ಮಾಡದೇ ಇದ್ದದ್ದು

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಬಾಯಿಯ ಮೂಲಕ ಉಪ್ಪು-ಗ್ಲೂಕೋಸ್ ನೀರು (ಇವತ್ತು ನಾವು ಓಆರ್‌ಎಸ್ ಅನ್ನುವುದು ಇಂಥ ದ್ರಾವಣವನ್ನೇ) ಕುಡಿಸಿ ಕಾಲರಾ ರೋಗಿಯನ್ನು ಉಳಿಸಬಹುದು ಎಂಬುದು ಬನಗಾಂವ್‌ನಲ್ಲಿ ಕಂಡುಹಿಡಿದದ್ದಲ್ಲ. ಅದಕ್ಕೆ ಮುಂಚೆಯೇ ಗೊತ್ತಿತ್ತು.

1953ರಲ್ಲೇ ಕಲ್ಕತ್ತಾದ ವೈದ್ಯ ಹೇಮೇಂದ್ರನಾಥ್ ಚಟರ್ಜಿ ಇಂಥ ಚಿಕಿತ್ಸೆಯ ಬಗ್ಗೆ ಬ್ರಿಟನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದಿದ್ದರು. ಯಾರೂ ಅಷ್ಟಾಗಿ ತಲೆಗೆ ಹಾಕಿಕೊಳ್ಳಲಿಲ್ಲ. 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಇದರ ಹಿಂದಿನ ಗುಟ್ಟನ್ನು ವಿವರಿಸಿದರು. ಕರುಳಿನ ಗೋಡೆಯಲ್ಲಿ ಒಂದು ಬಾಗಿಲಿದೆ ಅಂದುಕೊಳ್ಳಿ. ಗ್ಲೂಕೋಸ್ ಮತ್ತು ಸೋಡಿಯಂ ಕೈ ಹಿಡಿದುಕೊಂಡು ಬಂದರೆ ಮಾತ್ರ ಅದು ತೆರೆಯುತ್ತದೆ. ಅವೆರಡು ಒಳಗೆ ಹೋದರೆ ಹಿಂದೆಯೇ ನೀರೂ ಹೋಗುತ್ತದೆ. ಕಾಲರಾ ವಿಷ ಬೇರೆ ಏನನ್ನು ಕೆಡಿಸಿದರೂ ಈ ಬಾಗಿಲನ್ನು ಕೆಡಿಸುವುದಿಲ್ಲ. ಬರೀ ನೀರು ಕುಡಿಸಿದರೆ ನಿಲ್ಲದು, ಬರೀ ಉಪ್ಪು ನೀರೂ ನಿಲ್ಲದು. ಉಪ್ಪಿನ ಜೊತೆ ಸಕ್ಕರೆಯ ಅಂಶ ಬೇಕೇ ಬೇಕು ಅನ್ನುವುದು ಇದಕ್ಕೇ.

ಅಳತೆಯೂ ಮುಖ್ಯ. 1962ರಲ್ಲಿ ಮನಿಲಾದಲ್ಲಿ ಅಮೆರಿಕದ ನೌಕಾಪಡೆಯ ವೈದ್ಯ ರಾಬರ್ಟ್ ಫಿಲಿಪ್ಸ್ ಇಂಥ ಪ್ರಯೋಗ ಮಾಡಿದ್ದರು. ದ್ರಾವಣ ತುಂಬಾ ಗಟ್ಟಿಯಾಗಿತ್ತು. ಕೆಲವು ರೋಗಿಗಳು ತೀರಿಕೊಂಡರು. ಅದಾದ ಮೇಲೆ ಬಾಯಿಯ ಮೂಲಕ ಕೊಡುವ ಚಿಕಿತ್ಸೆ ಅಂದರೆ ವೈದ್ಯಲೋಕಕ್ಕೆ ಅಳುಕು. ಅದನ್ನು ದಾಟಿ 1968ರಲ್ಲಿ ಢಾಕಾದ ಕಾಲರಾ ಸಂಶೋಧನಾಲಯದಲ್ಲಿ ಡೇವಿಡ್ ನಲಿನ್ ಮತ್ತು ರಿಚರ್ಡ್ ಕ್ಯಾಶ್ ಎಂಬ ಇಬ್ಬರು ಚಿಕ್ಕ ವಯಸ್ಸಿನ ವೈದ್ಯರು ಎಚ್ಚರಿಕೆಯಿಂದ ಪ್ರಯೋಗ ಮಾಡಿದರು. ಕುಡಿಸುವ ದ್ರಾವಣದಿಂದ ಡ್ರಿಪ್‌ನ ಅಗತ್ಯ ಶೇ 80ರಷ್ಟು ಕಡಿಮೆಯಾಯಿತು.

ಅಂದರೆ ಯುದ್ಧಕ್ಕೆ ಮೂರು ವರ್ಷ ಮುಂಚೆಯೇ ಉತ್ತರ ಸಿಕ್ಕಿತ್ತು. ಆದರೂ ಅದು ಸಂಶೋಧನೆಯ ವಾರ್ಡಿನಿಂದ ಹೊರಗೆ ಬಂದಿರಲಿಲ್ಲ. ಅಲ್ಲಿ ಪ್ರತಿ ರೋಗಿಯ ಭೇದಿಯನ್ನೂ ಅಳೆದು, ಅಷ್ಟೇ ದ್ರಾವಣ ಕುಡಿಸುತ್ತಿದ್ದರು. ಪಕ್ಕದಲ್ಲಿ ಸದಾ ನರ್ಸ್ ಇರುತ್ತಿದ್ದರು. ಇಷ್ಟೆಲ್ಲ ನಿಗಾ ಇಲ್ಲದೆ, ಏನೂ ಕಲಿಯದ ಹೆಂಗಸೊಬ್ಬಳು ತನ್ನ ಮಗುವಿಗೆ ಇದನ್ನು ಕುಡಿಸಬಹುದು ಅಂತ ಯಾವ ದೊಡ್ಡ ವೈದ್ಯರೂ ಒಪ್ಪುತ್ತಿರಲಿಲ್ಲ. ನನ್ನ ಪ್ರಕಾರ ಈ ಇಡೀ ಪ್ರಕರಣದ ಗಂಟು ಇರುವುದು ಇಲ್ಲೇ. ಸಿಗದೇ ಇದ್ದದ್ದು ಔಷಧಿಯಲ್ಲ, ನಂಬಿಕೆ.

ಡ್ರಮ್ಮು, ನಲ್ಲಿ, ಲೋಟ

ಮಹಾಲನಬಿಸ್ ಅವರಿಗೆ ಬೇರೆ ದಾರಿ ಇರಲಿಲ್ಲ. ಇದ್ದ ಸಲೈನನ್ನು ನಾಡಿ ಸಿಗದಷ್ಟು ಸೋತವರಿಗೆ ಮೀಸಲಿಟ್ಟರು. ಅವರು ಸ್ವಲ್ಪ ಚೇತರಿಸಿಕೊಂಡು ಕುಡಿಯುವಂತಾದ ಕೂಡಲೇ ಬಾಯಿಗೆ ದ್ರಾವಣ. ಮಿಕ್ಕವರಿಗೆಲ್ಲ ಮೊದಲಿನಿಂದಲೂ ಲೋಟವೇ.

ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಇಷ್ಟೇ. ಪೊಟ್ಯಾಸಿಯಂ ಕೂಡ ಇದ್ದಿದ್ದರೆ ಇನ್ನೂ ಒಳ್ಳೆಯದಿತ್ತು. ಅದನ್ನು ಬಿಟ್ಟರು. ಎಲ್ಲರಿಗೂ ಸಿಗುವ, ಅಗ್ಗದ, ತಪ್ಪಾಗದ ಸಾಮಾನು ಮಾತ್ರ ಸಾಕು ಅಂತ ತೀರ್ಮಾನ ಮಾಡಿದರು. ಸಾಮಾನಿನ ಖರ್ಚು ಲೀಟರಿಗೆ ಸುಮಾರು 11 ಪೈಸೆ ಬಿತ್ತು.

ಪುಡಿ ತಯಾರಾದದ್ದು ಕಲ್ಕತ್ತಾದ ಸಂಶೋಧನಾ ಕೇಂದ್ರದಲ್ಲಿ. ಅಲ್ಲಿನ ಗ್ರಂಥಾಲಯದ ಕೋಣೆಯೇ ಕಾರ್ಖಾನೆಯಾಯಿತು. ಒಬ್ಬರು ಗ್ಲೂಕೋಸ್ ತೂಗುವುದು, ಇನ್ನೊಬ್ಬರು ಉಪ್ಪು, ಮತ್ತೊಬ್ಬರು ಸೋಡಾ. ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿಯನ್ನು ಬಿಸಿ ಇಸ್ತ್ರಿ ಪೆಟ್ಟಿಗೆಯಿಂದ ಒತ್ತಿ ಅಂಟಿಸುವುದು. ದೊಡ್ಡ ಚೀಲ ಒಂದೊಂದಕ್ಕೆ 16 ಲೀಟರ್ ನೀರು. ಮದುವೆಮನೆಯಲ್ಲಿ ಎಲ್ಲರೂ ಸಾಲಾಗಿ ಕೂತು ತಾಂಬೂಲದ ಚೀಲ ತುಂಬುತ್ತಾರಲ್ಲ, ಹಾಗೆ. ಈ ಚೀಲಗಳನ್ನು ಬನಗಾಂವ್‌ಗೆ ಸಾಗಿಸಿದರು. ಅಲ್ಲಿ ನಲ್ಲಿ ಹಾಕಿದ ಡ್ರಮ್ಮುಗಳಲ್ಲಿ ನೀರಿಗೆ ಕಲಸಿಟ್ಟರು. ಮನೆಯವರು ಲೋಟ, ಮಗ್ಗು ಹಿಡಿದು ಬಂದು ಬೇಕಾದಷ್ಟು ಹಿಡಿದುಕೊಂಡು ಹೋಗಬಹುದು. ರೋಗಿ ಕೇಳಿದಷ್ಟೂ ಕುಡಿಸಬಹುದು.

ಎಷ್ಟು ಕುಡಿಸಬೇಕು ಎಂದು ಅಳೆಯುವ ತಲೆನೋವನ್ನು ರೋಗಿಯ ಬಾಯಾರಿಕೆಯೇ ನೋಡಿಕೊಂಡಿತು. ನೀರು ಬತ್ತಿದ ದೇಹ ಕೇಳಿ ಕೇಳಿ ಕುಡಿಯುತ್ತದೆ. ನೀರು ತುಂಬಿಕೊಂಡ ಮೇಲೆ ಬಾಯಾರಿಕೆಯೂ ಇಳಿಯುತ್ತದೆ. ಸಂಶೋಧನೆಯ ವಾರ್ಡಿನಲ್ಲಿ ನರ್ಸ್ ಚಾರ್ಟ್ ಹಿಡಿದು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ತಾಯಿಯೊಬ್ಬಳು ಮಗನ ಮುಖ ನೋಡಿ ಮಾಡಿದಳು.

ಮೊದಲಿಗೆ ಜನರಿಗೂ ಅನುಮಾನವಿತ್ತು. ಡ್ರಿಪ್ ಅಂದರೆ ದೊಡ್ಡ ಚಿಕಿತ್ಸೆ, ಲೋಟದ ನೀರು ಅಂದರೆ ಏನೋ ಕೈ ತೊಳೆದುಕೊಂಡ ಹಾಗೆ ಅನ್ನಿಸುವುದು ಸಹಜ ಅಲ್ವಾ? ಅದಕ್ಕೇ ಈ ದ್ರಾವಣವನ್ನು 'ಓರಲ್ ಸಲೈನ್' ಅಂತಲೇ ಕರೆದರು. ಬಾಯಿಂದ ಕುಡಿಯುವ ಸಲೈನ್. ಆ ಹೆಸರಿನಿಂದ ಲೋಟದ ನೀರಿಗೂ ಒಂದು ಗೌರವ ಬಂತು. ಎರಡು ಮೂರು ವಾರಗಳಲ್ಲಿ ಇದು ಕೆಲಸ ಮಾಡುತ್ತಿದೆ, ಏನೂ ತರಬೇತಿ ಇಲ್ಲದವರ ಕೈಯಲ್ಲೂ ಕೆಲಸ ಮಾಡುತ್ತಿದೆ ಎಂಬುದು ವೈದ್ಯರಿಗೆ ಕಣ್ಣಾರೆ ಕಂಡಿತು. ಆಮೇಲೆ ಉಪ್ಪು-ಗ್ಲೂಕೋಸ್ ಹೇಗೆ ಕಲಸಬೇಕು ಅಂತ ಕರಪತ್ರ ಮಾಡಿಸಿ ಗಡಿಯುದ್ದಕ್ಕೂ ಹಂಚಿದರು. ಬಾಂಗ್ಲಾದ ಗುಪ್ತ ರೇಡಿಯೋ ಕೇಂದ್ರವೊಂದು ಅದನ್ನು ಬಿತ್ತರಿಸಿತು ಕೂಡ.

ಲೆಕ್ಕ

ಚಿಕಿತ್ಸೆ ಸರಿಯಾಗಿ ಸಿಗದ ಶಿಬಿರಗಳಲ್ಲಿ ಕಾಲರಾ ಬಂದ ನೂರರಲ್ಲಿ ಸುಮಾರು 30 ಜನ ಸಾಯುತ್ತಿದ್ದರು. ಮಹಾಲನಬಿಸ್ ತಂಡ ಬನಗಾಂವ್‌ನಲ್ಲಿ ಸುಮಾರು 3,700 ರೋಗಿಗಳನ್ನು ನೋಡಿಕೊಂಡಿತು. ಅವರಲ್ಲಿ ತೀರಿಕೊಂಡವರು ಶೇ 3.6.

ಈ ಅಂಕಿಗಳನ್ನು ಓದುವಾಗ ಸ್ವಲ್ಪ ಎಚ್ಚರ ಬೇಕು. ಇದು ಎರಡು ಗುಂಪು ಮಾಡಿ ಹೋಲಿಸಿ ನೋಡಿದ ಪ್ರಯೋಗವಲ್ಲ. ಅಂಥ ಜಾಗದಲ್ಲಿ ಒಂದು ಗುಂಪಿಗೆ ಕೊಟ್ಟು ಇನ್ನೊಂದು ಗುಂಪಿಗೆ ಕೊಡದೇ ಇರುವುದು ಯಾರಿಂದಲೂ ಆಗದ ಮಾತು. ಎಲ್ಲರಿಗೂ ಇದ್ದದ್ದು ಕಾಲರಾವೇ ಅಂತ ಪರೀಕ್ಷೆ ಮಾಡಿ ನೋಡಲು ಪುರುಸೊತ್ತೂ ಇರಲಿಲ್ಲ. ಬಾಗಿಲಿಗೆ ಬರುವ ಮುಂಚೆಯೇ ದಾರಿಯಲ್ಲಿ ಸತ್ತವರು ಈ ಲೆಕ್ಕದಲ್ಲಿಲ್ಲ. ಆದರೂ 30 ಮತ್ತು 3.6ರ ನಡುವಿನ ಅಂತರ ಎಷ್ಟು ದೊಡ್ಡದು ಅಂದರೆ, ಆ ಕೊರತೆಗಳನ್ನೆಲ್ಲ ಕಳೆದರೂ ಹೇಳಬೇಕಾದದ್ದು ಉಳಿದೇ ಉಳಿಯುತ್ತದೆ.

ಈ ಅನುಭವದ ವರದಿ ಜಾನ್ಸ್ ಹಾಪ್ಕಿನ್ಸ್‌ನ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾದದ್ದು 1973ರಲ್ಲಿ. ಆಗಲೂ ಅನುಮಾನ ಪಡುವವರೇ ಜಾಸ್ತಿ. ಆದರೆ ವಿಶ್ವ ಆರೋಗ್ಯ ಸಂಸ್ಥೆಯಲ್ಲಿದ್ದ ಧೀಮನ್ ಬರುವಾ ಶಿಬಿರಕ್ಕೇ ಬಂದು ನೋಡಿದ್ದರು. ಅವರೂ ಗಡಿಯಾಚೆಯ ಚಿತ್ತಗಾಂಗ್ ಕಡೆಯವರು. ಕಂಡದ್ದನ್ನು ಅವರು ಮರೆಯಲಿಲ್ಲ. ಸಂಸ್ಥೆಯೊಳಗೆ ಪಟ್ಟು ಹಿಡಿದು ಇದರ ಪರ ಕೆಲಸ ಮಾಡಿದರು. 1978ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭೇದಿ ನಿಯಂತ್ರಣಕ್ಕೆ ಜಗತ್ತಿನ ಮಟ್ಟದ ಕಾರ್ಯಕ್ರಮ ಶುರು ಮಾಡಿತು, ಅದರ ಮಧ್ಯದಲ್ಲಿ ಓಆರ್‌ಎಸ್ ಇತ್ತು. ಅದೇ ವರ್ಷ 'ಲ್ಯಾನ್ಸೆಟ್' ಇದನ್ನು ಆ ಶತಮಾನದ ಅತಿ ಮುಖ್ಯ ವೈದ್ಯಕೀಯ ಮುನ್ನಡೆ ಆಗಬಹುದಾದದ್ದು ಎಂದು ಬರೆಯಿತು. ಓಆರ್‌ಎಸ್‌ನಿಂದ ಉಳಿದ ಜೀವಗಳು 5 ಕೋಟಿಗೂ ಹೆಚ್ಚು ಅನ್ನುವುದು ಸಾಮಾನ್ಯವಾಗಿ ಕೊಡುವ ಅಂದಾಜು.

ಯುದ್ಧಕ್ಕೆ ಎಷ್ಟು ಪಾಲು?

ಇದನ್ನು 'ಯುದ್ಧದ ಕೊಡುಗೆ' ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಆ ಕೋಣೆಗಳ ನೆಲದ ಮೇಲೆ ಮಲಗಿದ್ದವರನ್ನು ಅಲ್ಲಿಗೆ ತಂದದ್ದೇ ಯುದ್ಧ. ಅದಕ್ಕೆ ಯಾವ ಪಾಲೂ ಸಲ್ಲಬಾರದು. ಆದರೆ ಅವತ್ತಿನ ಕೊರತೆ ಏನು ಮಾಡಿತು ಅನ್ನುವುದನ್ನು ಬಿಡಿಸಿ ನೋಡಬಹುದು. ಡ್ರಿಪ್ ಸಾಕಷ್ಟು ಇದ್ದಿದ್ದರೆ ಲೋಟಕ್ಕೆ ಯಾರೂ ಕೈ ಹಾಕುತ್ತಿರಲಿಲ್ಲ. ನರ್ಸುಗಳು ಸಾಕಷ್ಟು ಇದ್ದಿದ್ದರೆ ತಾಯಂದಿರ ಕೈಗೆ ಯಾರೂ ಲೋಟ ಕೊಡುತ್ತಿರಲಿಲ್ಲ. ಮಾಮೂಲಿ ದಿನಗಳಲ್ಲಿ ನಿಯಮ, ಅಭ್ಯಾಸ, ವೈದ್ಯರ ಅಳುಕು ಎಲ್ಲ ಸೇರಿ ಮುಚ್ಚಿಟ್ಟಿದ್ದ ಬಾಗಿಲನ್ನು ಕೊರತೆ ತಳ್ಳಿ ತೆಗೆಯಿತು. ತೆರೆದ ಮೇಲೆ ಒಳಗೆ ಕಾಲಿಟ್ಟದ್ದು ಒಬ್ಬ ವೈದ್ಯರ ಧೈರ್ಯ. ಪ್ರಯೋಗ ಕೈಕೊಟ್ಟಿದ್ದರೆ ಎಲ್ಲರೂ ಬೊಟ್ಟು ಮಾಡುತ್ತಿದ್ದದ್ದು ಅವರತ್ತಲೇ. ಅದು ಗೊತ್ತಿದ್ದೂ ಮಾಡಿದರು.

ಆ ಧೈರ್ಯವನ್ನು ಗಡಿಯಾಚೆಯ ಇನ್ನೊಂದು ಸಂಸ್ಥೆ ಮುಂದಕ್ಕೆ ಒಯ್ದಿತು. ಯುದ್ಧ ಮುಗಿದು ನಿರಾಶ್ರಿತರು ಊರಿಗೆ ಮರಳಿದಾಗ ಅವರಿಗೆ ನೆರವಾಗಲು ಫಜ್ಲೆ ಹಸನ್ ಅಬೆದ್ 1972ರಲ್ಲಿ ಬ್ರ್ಯಾಕ್ ಕಟ್ಟಿದರು. 1980ರಿಂದ ಹತ್ತು ವರ್ಷ ಬ್ರ್ಯಾಕ್‌ನ ಹೆಣ್ಣುಮಕ್ಕಳು ಬಾಂಗ್ಲಾದೇಶದ 1.2 ಕೋಟಿಗೂ ಹೆಚ್ಚು ಮನೆಗಳಿಗೆ ಹೋಗಿ ತಾಯಂದಿರಿಗೆ ಮನೆಯಲ್ಲೇ ದ್ರಾವಣ ಮಾಡುವುದನ್ನು ಕಲಿಸಿದರು. ಪೊಟ್ಟಣವೂ ಬೇಡ. ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಲೀಟರ್ ನೀರು. ಮನೆಗೆ ಹೋಗಿ ಬಂದೆ ಅಂದ ಮಾತ್ರಕ್ಕೆ ಕಾರ್ಯಕರ್ತೆಗೆ ಪೂರ್ತಿ ಸಂಬಳ ಸಿಗುತ್ತಿರಲಿಲ್ಲ. ಕೆಲವು ದಿನ ಬಿಟ್ಟು ಬೇರೆಯವರು ಹೋಗಿ ತಾಯಿಯನ್ನು ಕೇಳುತ್ತಿದ್ದರು. ಆಕೆ ಎಷ್ಟು ನೆನಪಿಟ್ಟುಕೊಂಡಿದ್ದಾಳೆ ಅನ್ನುವುದರ ಮೇಲೆ ದುಡ್ಡು.

ಅಲ್ಲೂ ಒಂದು ಎಡವಟ್ಟಾಯಿತು. ತಾಯಂದಿರು ಕಲಿತರು, ಆದರೆ ಮೊದಮೊದಲು ಬಳಸುತ್ತಿದ್ದವರು ತುಂಬಾ ಕಡಿಮೆ. ಯಾಕೆ ಅಂತ ನೋಡಿದರೆ, ಕಲಿಸಲು ಹೋದ ಕಾರ್ಯಕರ್ತೆಯರಿಗೇ ಅದರ ಮೇಲೆ ನಂಬಿಕೆ ಇರಲಿಲ್ಲ. ತಮಗೆ ಭೇದಿಯಾದಾಗ ಅವರು ಮಾತ್ರೆ ನುಂಗುತ್ತಿದ್ದರು. ಮೊದಲು ಅವರಿಗೆ ದ್ರಾವಣ ಹೇಗೆ ಕೆಲಸ ಮಾಡುತ್ತದೆ ಎಂದು ಬಿಡಿಸಿ ಹೇಳಿ, ಊರಿನ ಗಂಡಸರನ್ನೂ ಕೂರಿಸಿಕೊಂಡು ಮಾತಾಡಿದ ಮೇಲೆ ಬಳಕೆ ಏರಿತು.

ನಮ್ಮ ಊರುಗಳಲ್ಲಿ

ಈ ಪ್ರಕರಣದ ಕೊನೆಯ ಭಾಗ ಕರ್ನಾಟಕಕ್ಕೆ ಬರುತ್ತದೆ. ಇವತ್ತು ಓಆರ್‌ಎಸ್ ಪೊಟ್ಟಣ ಆಶಾ ಕಾರ್ಯಕರ್ತೆಯರ ಚೀಲದಲ್ಲಿದೆ, ಯಾವ ಮೆಡಿಕಲ್ ಸ್ಟೋರಿನಲ್ಲಿ ಕೇಳಿದರೂ ಸಿಗುತ್ತದೆ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಭೇದಿಯಾದ ಮಕ್ಕಳಲ್ಲಿ ಓಆರ್‌ಎಸ್ ಸಿಕ್ಕಿದ್ದು ದೇಶದಲ್ಲಿ ಶೇ 61ರಷ್ಟು ಮಕ್ಕಳಿಗೆ. ಮಿಕ್ಕವರಿಗೆ ಯಾಕೆ ಸಿಗಲಿಲ್ಲ?

ಕರ್ನಾಟಕ ಮತ್ತು ಬಿಹಾರದ 253 ಪಟ್ಟಣಗಳಲ್ಲಿ 2,000ಕ್ಕೂ ಹೆಚ್ಚು ಖಾಸಗಿ ವೈದ್ಯರು ಮತ್ತು ಔಷಧಿ ಅಂಗಡಿಯವರ ಹತ್ತಿರ ಈ ಪ್ರಶ್ನೆ ಇಟ್ಟುಕೊಂಡು ಒಂದು ಅಧ್ಯಯನ ನಡೆಯಿತು. ಅದು 2024ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದಿದೆ. ಮಗುವಿಗೆ ಭೇದಿ ಅಂತ ಹೇಳಿಕೊಂಡು ತಂದೆಯ ಹಾಗೆ ಹೋದವರು ಸಂಶೋಧಕರು ಕಳಿಸಿದ ಜನ. ಪೊಟ್ಟಣ ದಾಸ್ತಾನು ಇಲ್ಲದ್ದು, ಬೇರೆ ಔಷಧಿ ಮಾರಿದರೆ ಲಾಭ ಜಾಸ್ತಿ ಅನ್ನೋದು, ಇವೆರಡೂ ಸಣ್ಣ ಕಾರಣಗಳಾಗಿದ್ದವು. ದೊಡ್ಡ ಕಾರಣ ಬೇರೆಯೇ. ಬಂದವರಿಗೆ ಓಆರ್‌ಎಸ್ ಬೇಡ, ಅವರು 'ನಿಜವಾದ ಔಷಧಿ' ಕೇಳಲು ಬಂದಿದ್ದಾರೆ ಅಂತ ವೈದ್ಯರು ತಾವೇ ಊಹಿಸಿಕೊಳ್ಳುವುದು. ಓಆರ್‌ಎಸ್ ಬರೆಯದೇ ಇರುವುದರಲ್ಲಿ ಶೇ 42ರಷ್ಟಕ್ಕೆ ಈ ಊಹೆಯೇ ಕಾರಣ. ಬಂದವರೇ ಓಆರ್‌ಎಸ್ ಬೇಕು ಅಂತ ತೋರಿಸಿಕೊಂಡಾಗ ಕೊಡುವವರ ಪ್ರಮಾಣ ಚೆನ್ನಾಗಿ ಏರಿತು.

ಇದನ್ನು ಓದಿದಾಗ ನನಗೆ ಬನಗಾಂವ್‌ನ 'ಓರಲ್ ಸಲೈನ್' ಎಂಬ ಹೆಸರು ನೆನಪಾಯಿತು. ಲೋಟದ ನೀರನ್ನು ಕಡೆಗಣಿಸುವ ಅದೇ ಮನಸ್ಸು ಐವತ್ತು ವರ್ಷದ ಮೇಲೂ ಹಾಗೇ ಇದೆ. 'ಸುಸ್ತಾಗಿದೆ, ಒಂದು ಗ್ಲೂಕೋಸ್ ಬಾಟ್ಲಿ ಹಾಕಿ ಡಾಕ್ಟ್ರೇ' ಅನ್ನುವ ಮಾತನ್ನು ನಮ್ಮ ಕ್ಲಿನಿಕ್‌ಗಳಲ್ಲಿ ಯಾರು ಕೇಳಿಲ್ಲ? ಶಿಬಿರದಲ್ಲಿ ಡ್ರಿಪ್ ಇರಲಿಲ್ಲ, ಅದಕ್ಕೇ ಲೋಟವನ್ನು ನಂಬಿದರು. ನಮ್ಮಲ್ಲಿ ಡ್ರಿಪ್ ಇದೆ, ಆಂಟಿಬಯೋಟಿಕ್ ಇದೆ, ಬಣ್ಣದ ಸಿರಪ್ ಇದೆ.

ಇನ್ನೊಂದು ವಿಷಯ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಳತೆಯನ್ನು ಬದಲಿಸಿ ಇನ್ನೂ ತೆಳುವಾದ ದ್ರಾವಣ ಹೇಳಿತು. ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಸಿಟ್ರೇಟ್. ಒಟ್ಟು 20.5 ಗ್ರಾಂ. ಪೊಟ್ಟಣ ಕೊಳ್ಳುವಾಗ ಇದನ್ನು ನೋಡಿಕೊಳ್ಳಿ. ಓಆರ್‌ಎಸ್ ಅಂತ ಹೆಸರಿಟ್ಟುಕೊಂಡು ಸಿಹಿ ಪಾನೀಯಗಳನ್ನು ಮಾರುತ್ತಿದ್ದವರಿದ್ದರು. ಜಾಸ್ತಿ ಸಕ್ಕರೆ ಕರುಳಿನೊಳಗೆ ನೀರು ಎಳೆದು ಭೇದಿಯನ್ನು ಹೆಚ್ಚಿಸುತ್ತದೆ, ಮನಿಲಾದ ತಪ್ಪೂ ಅದೇ ಜಾತಿಯದು. ಹೈದರಾಬಾದಿನ ಮಕ್ಕಳ ವೈದ್ಯೆಯೊಬ್ಬರು ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಪಾನೀಯಗಳ ಮೇಲೆ ಆ ಹೆಸರು ಹಾಕಬಾರದು ಎಂದು ಆದೇಶ ಮಾಡಿತು.

ಪೊಟ್ಟಣ ಕೈಗೆ ಸಿಗದ ಹೊತ್ತಿನಲ್ಲಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮಗು ಮಂಕಾಗಿದ್ದರೆ, ಕಣ್ಣು ಗುಳಿ ಬಿದ್ದಿದ್ದರೆ, ಕುಡಿಯಲಾರದಿದ್ದರೆ ತಡ ಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಂಥವರಿಗೆ ಡ್ರಿಪ್ ಬೇಕು, ಬನಗಾಂವ್‌ನಲ್ಲೂ ಅದನ್ನು ಅಂಥವರಿಗೇ ಎತ್ತಿಟ್ಟಿದ್ದರು.

ದಿಲೀಪ್ ಮಹಾಲನಬಿಸ್ 2022ರ ಅಕ್ಟೋಬರ್‌ನಲ್ಲಿ ಕೋಲ್ಕತ್ತಾದಲ್ಲಿ ತೀರಿಕೊಂಡರು. ಬದುಕಿದ್ದಾಗ ದೇಶದಲ್ಲಿ ಅವರ ಹೆಸರು ಗೊತ್ತಿದ್ದವರು ಕಡಿಮೆ. ಮರುವರ್ಷ ಜನವರಿಯಲ್ಲಿ ಪದ್ಮವಿಭೂಷಣ ಬಂತು. ಓಆರ್‌ಎಸ್‌ಗೆ ಅವರು ಪೇಟೆಂಟ್ ಮಾಡಿಸಲಿಲ್ಲ. ಮುಂದಿನ ಸಲ ಮಗುವನ್ನು ಕ್ಲಿನಿಕ್‌ಗೆ ಕರೆದುಕೊಂಡು ಹೋದಾಗ, ಡಾಕ್ಟರು ಬರೆಯುವ ಮುಂಚೆ ನಾವೇ ಬಾಯಿಬಿಟ್ಟು ಕೇಳೋಣ: 'ಓಆರ್‌ಎಸ್ ಕೊಡಿ ಡಾಕ್ಟ್ರೇ, ನಾವು ಕುಡಿಸ್ತೀವಿ.'